ಭಾವನ ಪಾಲಿನ ಸಾಲುಗಳು

ಆ ಹಾಡಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಫೋನ್ ತೆಗೆದು ಅದನ್ನು ಹಚ್ಚಿ ಕೇಳುತ್ತಾರೆ. ಆಗ ಅವರ ಕಿವಿಗೆ ಬೀಳುವುದು ಆ ಪ್ರಸಿದ್ಧ ಗಾಯಕ ಗಾಯಕಿಯ ಹಾಡು. ನಾನು ಬರೆಯಲು ಹೊರಟಿರುವುದು ಲಂಡನ್ನಿನ ಸಟನ್‌ನ ಒಂದು ಮನೆಯ ಮುಂದಿನ ಕೋಣೆಯಲ್ಲಿ ನನ್ನ ಅಕ್ಕ ಮತ್ತು ಭಾವ ಹಾಡಿದ, ಬಹಳ ದಿನ ಹಾಡಲಾಗದೆ ಒದ್ದಾಡಿದ ಹಾಡಿನ ಬಗ್ಗೆ.

ಇಷ್ಟು ಹೇಳಬಹುದು. ಅದು ಎಪ್ಪತ್ತರ ದಶಕದ ಇಂಗ್ಲಿಷ್ ರಾಕ್ ಹಾಡು, ಗಂಡು ಹೆಣ್ಣು ಇಬ್ಬರೂ ಹಾಡುವ ಡ್ಯುಯೆಟ್. ಇಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ, ಟ್ಯಾಕ್ಸಿಯಲ್ಲಿ ಇವತ್ತಿಗೂ ಕೇಳುತ್ತಿರುತ್ತದೆ. ಮೊದಲ ನುಡಿ ಗಂಡಸಿನದು, ಎರಡನೆಯದು ಹೆಂಗಸಿನದು. ಎರಡಕ್ಕೂ ಧಾಟಿ ಒಂದೇ. ಪಲ್ಲವಿ ಬಂದಾಗ ಮಾತ್ರ ಇಬ್ಬರೂ ಒಟ್ಟಿಗೆ ಹಾಡುತ್ತಾರೆ, ಅದೂ ಒಂದೇ ಸ್ವರದಲ್ಲಲ್ಲ. ಅವನು ಮೂಲ ಧಾಟಿಯಲ್ಲಿ ಹೋದರೆ ಅವಳು ಅದರ ಪಕ್ಕದಲ್ಲೇ ಬೇರೆ ಸ್ವರಗಳ ದಾರಿ ಹಿಡಿಯುತ್ತಾಳೆ. ಧಾರವಾಡದಲ್ಲಿ ತಂಬೂರಿಯ ಪಕ್ಕ ಕೂತು ಬೆಳೆದ ನಮ್ಮಂಥವರಿಗೆ ಈ ಎರಡನೆಯ ದಾರಿ ಕೇಳಿಸುವುದೇ ಇಲ್ಲ. ಕೇಳಿಸಿದರೂ ಹಿಂದೆಲ್ಲೋ ಒಂದು ಹಿತವಾದ ಗುಂಗಿನ ಹಾಗೆ ಕೇಳಿಸುತ್ತದೆ. ಅದನ್ನೇ ಬಿಡಿಸಿ ಒಂಟಿಯಾಗಿ ಹಾಡಿದರೆ ಯಾವ ಹಾಡೆಂದು ಗುರುತು ಹತ್ತುವುದಿಲ್ಲ.

ಭಾವನಿಗೆ ಸ್ಟ್ರೋಕ್ ಆದದ್ದು ಹೋದ ಚಳಿಗಾಲದಲ್ಲಿ. ಬಲಗೈ ಸೋತಿತು, ಮಾತು ಹೋಯಿತು. ತಿಳಿವಳಿಕೆ ಹೋಗಿರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ನಗಬೇಕಾದ ಕಡೆ ನಗುತ್ತಿದ್ದರು. ಹೇಳಬೇಕಾದ ಪದ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಬರುತ್ತಿದ್ದುದು ಒಂದೇ ಒಂದು ಪದ, "ನಾಳೆ". ನೀರು ಬೇಕಾದರೂ ನಾಳೆ, ಟಿವಿ ಆರಿಸಬೇಕಾದರೂ ನಾಳೆ, ಸಿಟ್ಟು ಬಂದರೂ ನಾಳೆ. ಯಾಕೆ ಆ ಪದವೇ ಉಳಿಯಿತೋ ಯಾರಿಗೂ ಗೊತ್ತಿಲ್ಲ. ರೈಲ್ವೆ ಸಿಗ್ನಲ್‌ಗಳ ನಕ್ಷೆ ಮಾಡುತ್ತಿದ್ದ ಎಂಜಿನಿಯರ್ ಅವರು. ಮನೆಯಲ್ಲಿ ಯಾವ ಕೆಲಸವನ್ನೂ ನಾಳೆಗೆ ಬಿಟ್ಟವರಲ್ಲ.

ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಆಗ ಕೆಲಸದ ದಿನಗಳನ್ನು ಕಡಿಮೆ ಮಾಡಿಸಿಕೊಂಡಿದ್ದಳು. ಅವಳ ಮಗಳಿಗೆ ಆಗಷ್ಟೇ ನೌಕರಿ ಸಿಕ್ಕಿತ್ತು, ಮನೆಯಲ್ಲೇ ಇದ್ದಳು. ನಾನು ಕ್ರೋಯ್ಡನ್‌ನ ನನ್ನ ಫ್ಲಾಟ್‌ನಿಂದ ಶನಿವಾರ ರೈಲು ಹತ್ತಿ ಹೋಗುತ್ತಿದ್ದೆ. ಸಟನ್ ದೂರವಿಲ್ಲ.

ಮನೆಗೆ ಬರುತ್ತಿದ್ದ ಮಾತಿನ ಥೆರಪಿಸ್ಟ್ ಒಬ್ಬ ಸಮಾಧಾನಿ ಹೆಂಗಸು. ಹಾಡಿನ ವಿಷಯ ಮೊದಲು ಎತ್ತಿದವರು ಆಕೆಯೇ. ಮಾತು ಹೋದ ಕೆಲವರಿಗೆ ಹಾಡಿನ ಪದಗಳು ಉಳಿದಿರುತ್ತವೆ, ಚಿಕ್ಕ ವಯಸ್ಸಿನಲ್ಲಿ ಕಲಿತ ಹಾಡಾದರೆ ಇನ್ನೂ ಒಳ್ಳೆಯದು, ಎಲ್ಲರಿಗೂ ಆಗುತ್ತದೆ ಅಂತ ಹೇಳಲಾರೆ, ಪ್ರಯತ್ನ ಮಾಡಿ ನೋಡಿ ಅಂದರು. ಅಕ್ಕನ ಮುಖ ಬೆಳಗಿತು. ಅವಳು ಹತ್ತು ಹನ್ನೆರಡು ವರ್ಷ ಹಿಂದೂಸ್ತಾನಿ ಕಲಿತವಳು. ಅಂದೇ ಫೋನಿನಲ್ಲಿ ತಂಬೂರಿ ಆ್ಯಪ್ ಹಚ್ಚಿ, ಭಾವನ ಮುಂದೆ ಕೂತು, ದೇವರನಾಮ ಶುರು ಮಾಡಿದಳು. ಭಾವ ಕಣ್ಣು ಮುಚ್ಚಿ ಕೇಳಿದರು. ತುಟಿ ಅಲುಗಲಿಲ್ಲ. ಹೀಗೆ ವಾರಗಳು ಹೋದವು.

ಒಂದು ಸಂಜೆ ಅಕ್ಕ ಫೋನ್ ಮಾಡಿದಳು.

"ಹಾಡಿದ್ರು ನೋಡು," ಅಂದಳು.

"ಯಾವ ಹಾಡು?"

"ನಂದಲ್ಲ. ಜಿಪಿ ಡಾಕ್ಟರ್ ಕಡೆ ಕೂತಿದ್ವಿ, ಅಲ್ಲಿ ರೇಡಿಯೊದಾಗ ಆ ಹಾಸ್ಟೆಲ್ ಹಾಡು ಬಂತು. ಅದರ ಜೋಡಿ ಏನೇನೋ ಗುನುಗಿದ್ರು. ಮದುವಿ ಆದಾಗಿಂದ ನಾ ಹಾಡಿದ್ದೆಲ್ಲ ಎಲ್ಲಿ ಹೋತೋ. ಆ ಉದ್ದಗೂದಲಿನವ್ರ ಹಾಡು ಉಳದದ."

ಸಿಟ್ಟಿನಲ್ಲಿ ಹೇಳುತ್ತಿದ್ದಳು, ಆದರೆ ದನಿ ಸಂತೋಷಕ್ಕೆ ನಡುಗುತ್ತಿತ್ತು.

ಹಾಸ್ಟೆಲ್ ಹಾಡು ಎಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಭಾವ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವಾಗ ಒಬ್ಬ ಗೆಳೆಯನ ಜೊತೆ ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ನಲ್ಲಿ ಆ ಡ್ಯುಯೆಟ್ ಹಾಡಿ ಬಹುಮಾನ ಗಳಿಸಿದ್ದರು. ಆ ಗೆಳೆಯ ಈಗ ವೆಂಬ್ಲಿಯಲ್ಲಿದ್ದಾರೆ. ಅಕ್ಕನ ಮದುವೆಯ ಆರತಕ್ಷತೆಯಲ್ಲಿ ಅವರಿಬ್ಬರೂ ಅದನ್ನು ಹಾಡಿದ್ದು ನನಗೆ ಚೆನ್ನಾಗಿ ನೆನಪಿತ್ತು. ಬೂದು ಬಣ್ಣದ ಸೂಟು ಹಾಕಿಕೊಂಡ ಭಾವ ಮೈಕ್ ಹಿಡಿದು ಮೊದಲ ನುಡಿ ಎತ್ತಿಕೊಂಡದ್ದು, ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹೊಡೆದದ್ದು, ನಾನು ಮುಂದಿನ ಕುರ್ಚಿಯಲ್ಲಿ ಜರಿಯ ಲಂಗ ಸರಿಮಾಡಿಕೊಳ್ಳುತ್ತಾ ಕೂತದ್ದು. ಅಕ್ಕ ಕೇಳಿದಾಗ ನಾನು ಇದನ್ನೆಲ್ಲ ಹೇಳಿದೆ. ಹಾಗಾದರೆ ಗಂಡಸಿನ ನುಡಿ ಅವರದು, ಹೆಂಗಸಿನ ನುಡಿ ನಾನು ಕಲಿತರಾಯಿತು, ಅಂದಳು ಅಕ್ಕ.

ನಾನು ದಿನಚರಿ ಬರೆಯುವವಳು. ಇತಿಹಾಸದಲ್ಲಿ ಎಂ.ಎ. ಮಾಡುವಾಗ ಹತ್ತಿದ ಚಟ. ಒಂದು ಘಟನೆಗೆ ಎಷ್ಟು ಜನ ಸಾಕ್ಷಿಯೋ ಅಷ್ಟು ಕಥೆ ಎಂದು ಅಲ್ಲಿ ಕಲಿಸಿದ್ದರು. ಅದಕ್ಕೇ ಆ ಹಾಡಿನ ಹಿಂದಿನ ಕಥೆಯನ್ನೂ ಕೆದಕಿದೆ. ಭಾವ ಚೆನ್ನಾಗಿದ್ದಾಗ ಹೇಳುತ್ತಿದ್ದ ಹಾಸ್ಟೆಲ್ ಕಥೆ ಹೀಗಿತ್ತು: ಆ ಗಾಯಕ ಗಾಯಕಿ ಗಂಡ ಹೆಂಡತಿ, ಜಗಳವಾಡಿ ಮಾತು ಬಿಟ್ಟಿದ್ದರು, ಹಾಡಲೇಬೇಕಾಗಿ ಬಂದಾಗ ಒಬ್ಬರ ಮುಖ ಒಬ್ಬರು ನೋಡದೆ ಬೆನ್ನಿಗೆ ಬೆನ್ನು ಕೊಟ್ಟು ನಿಂತು ಹಾಡಿದರು. ಹಾಸ್ಟೆಲ್‌ನ ಹುಡುಗರಿಗೆ ಇದನ್ನು ಯಾರು ಹೇಳಿದರೋ. ನಾನು ಹುಡುಕಿದಾಗ ಅವರಿಬ್ಬರೂ ಗಂಡ ಹೆಂಡತಿ ಆಗಿರಲೇ ಇಲ್ಲ ಎಂದು ಒಂದು ಕಡೆ ಇತ್ತು. ಇನ್ನೊಂದು ಕಡೆ, ಬರಬೇಕಾದ ಗಾಯಕಿಗೆ ನೆಗಡಿಯಾಗಿ ಈಕೆ ಬದಲಿಗೆ ಬಂದಳು ಎಂದಿತ್ತು. ಮೂರನೆಯದು ನನಗೆ ಹೆಚ್ಚು ನಂಬುವ ಹಾಗೆ ಕಂಡಿತು. ಅವನು ತನ್ನ ಪಾಲು ಹಾಡಿ ಹೋದ ಮೇಲೆ ಅವಳು ಬೇರೆ ದಿನ ಬಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅವನ ದನಿ ಕೇಳುತ್ತಾ ತನ್ನ ಸಾಲುಗಳನ್ನು ಒಬ್ಬಳೇ ಹಾಡಿದಳಂತೆ. ಆ ಕೋಣೆಯಲ್ಲಿ ನಿಂತವರಿಗೆ ಕೇಳಿಸಿದ್ದು ತುಂಡು ತುಂಡಾದ, ತಲೆಬುಡ ತಿಳಿಯದ ಒಂದು ಧಾಟಿ. ಇದನ್ನು ನಂಬಿದ್ದು ನಿಜವೆಂದೋ, ಮೂರರಲ್ಲಿ ಇದೇ ಸಪ್ಪೆಯಾಗಿತ್ತೆಂದೋ, ಗೊತ್ತಿಲ್ಲ. ಸಪ್ಪೆ ಕಥೆ ನಿಜವಿರುತ್ತದೆ ಎನ್ನುವುದೂ ಒಂದು ಮೂಢನಂಬಿಕೆಯೇ.

ಅಕ್ಕ ಹಾಡು ಕಲಿತಳು. ಬಸ್ಸಿನಲ್ಲಿ, ಲ್ಯಾಬಿನ ಊಟದ ಹೊತ್ತಿನಲ್ಲಿ, ಕಿವಿಗೆ ಸಿಕ್ಕಿಸಿಕೊಂಡು. ಸಂಜೆ ಭಾವನ ಎದುರು ಕುರ್ಚಿ ಹಾಕಿ ಕೂರುತ್ತಿದ್ದಳು. ತುಟಿ ಕಾಣುವ ಹಾಗೆ ಮುಖಕ್ಕೆ ಮುಖ ಕೊಟ್ಟು ಕೂರಬೇಕೆಂದು ಥೆರಪಿಸ್ಟ್ ಹೇಳಿದ್ದರು. ಮಗಳು ಹಾಡಿನ ವಾದ್ಯಗಳು ಮಾತ್ರ ಇರುವ ಟ್ರ್ಯಾಕ್ ಹುಡುಕಿಕೊಟ್ಟರೆ ಅಕ್ಕ ಅದು ಬೇಡವೆಂದು ತಂಬೂರಿ ಹಚ್ಚಿದಳು.

"ಅಮ್ಮಾ, ಇಟ್ಸ್ ಅ ರಾಕ್ ಸಾಂಗ್."

"ಇರಲಿ. ಶ್ರುತಿ ಇಲ್ಲದ ಹ್ಯಾಂಗ ಹಾಡೂದು?"

"ದೇ ಹ್ಯಾವ್ ಡ್ರಮ್ಸ್."

"ಡ್ರಮ್ಸ್ ಶ್ರುತಿ ಕೊಡ್ತಾವೇನು? ನೀ ಸುಮ್ನ ಕೂಡು."

ನಾನು ಮೂರು ನಾಲ್ಕು ಶನಿವಾರ ಅದನ್ನು ನೋಡಿದೆ. ಅಕ್ಕ ಮೊದಲ ನುಡಿಯ ಮೊದಲ ಪದ ಎತ್ತಿ ಕೊಟ್ಟು, "ಹಾಂ, ಹಾಡ್ರಿ," ಎಂದು ಕಾಯುತ್ತಿದ್ದಳು. ಭಾವ ಸುಮ್ಮನೆ ಕೂತಿರುತ್ತಿದ್ದರು. ನೋಟ ಅವಳ ಮೇಲೆ, ಬಾಯಿ ಮುಚ್ಚಿಯೇ. ಆ ನುಡಿ ಹೋಗಲಿ ಎಂದು ಅಕ್ಕ ತನ್ನ ಪಾಲಿನ ಎರಡನೆಯ ನುಡಿ ಶುರು ಮಾಡಿದರೆ ಭಾವ ಆಗ ಹಾಡಲು ಹೊರಡುತ್ತಿದ್ದರು. ಪದ ಒಡೆದು, ಸ್ವರಗಳಷ್ಟೇ ಹೊರಗೆ ಬಂದು, ಅಕ್ಕನ ದನಿಗೆ ಡಿಕ್ಕಿ ಹೊಡೆಯುತ್ತಿದ್ದವು. ಅವಳು ಹಾಡಿದ್ದನ್ನೇ ಹಿಂದೆ ಹಿಂದೆ ಅನ್ನುತ್ತಿದ್ದಾರೆ, ತಾವಾಗಿ ಶುರು ಮಾಡಲು ಬರುವುದಿಲ್ಲ, ಎಂದುಕೊಂಡೆವು. ಪಲ್ಲವಿಯಲ್ಲಿ ಇನ್ನೂ ಕಷ್ಟ. ಅಲ್ಲಿ ಅಕ್ಕ, ತನಗೆ ಕೇಳಿಸಿದ ಒಂದೇ ಧಾಟಿಯನ್ನು, ಅಂದರೆ ಮೂಲ ಧಾಟಿಯನ್ನು ಹಾಡುತ್ತಿದ್ದಳು. ಭಾವ ಅದಕ್ಕೆ ಸೇರದ ಏನೋ ಸ್ವರಗಳನ್ನು ಹಿಡಿದು ಹೊರಡುತ್ತಿದ್ದರು. ತಂಬೂರಿ ಗುಂಯ್‌ಗುಡುತ್ತಿರುವಾಗ ಅದು ಅಪಸ್ವರವಾಗಿಯೇ ಕೇಳುತ್ತಿತ್ತು. ಅಕ್ಕ ಅಲ್ಲಿಗೇ ಹಾಡು ನಿಲ್ಲಿಸಿಬಿಡುತ್ತಿದ್ದಳು, ಆಮೇಲೆ ಅವರನ್ನು ದಾರಿಗೆ ತರಲು ದನಿ ಏರಿಸುತ್ತಿದ್ದಳು. ಎರಡನೆಯ ನುಡಿಯಲ್ಲೂ ಪಲ್ಲವಿಯಲ್ಲೂ ಕೊನೆಗೆ ಭಾವನ ಮುಖ ಕೆಂಪಾಗುತ್ತಿತ್ತು. ಎಡಗೈ ಚಾಚಿ, ಅಂಗೈಯಿಂದ ಅಕ್ಕನ ಬಾಯಿ ಮುಚ್ಚುತ್ತಿದ್ದರು. "ನಾಳೆ, ನಾಳೆ, ನಾಳೆ," ಎನ್ನುತ್ತಿದ್ದರು.

ಒಂದು ಶನಿವಾರ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಾ ಅಕ್ಕ ಹೇಳಿದಳು, "ಇನ್ನ ನಾ ಹಾಡೂದಿಲ್ಲ."

"ಯಾಕ?"

"ಅವ್ರಿಗೆ ಬ್ಯಾಡಾಗೇದ. ಬಾಯಿಲೆ ಹೇಳಾಕ ಬರೂದಿಲ್ಲ, ಅದಕ ಕೈಲೆ ಹೇಳ್ತಾರ. ಬಾಯಿ ಮುಚ್ಚು ಅಂತಾರ."

"ಅವ್ರಿಗೆ ತ್ರಾಸು ಆಗತಿರಬೇಕು."

"ರೇಡಿಯೊ ಜೋಡಿ ತ್ರಾಸಾಗೂದಿಲ್ಲ. ಆ ಥೆರಪಿಸ್ಟ್ ಜೋಡಿ ಆಗೂದಿಲ್ಲ. ಆಕಿ ಜೋಡಿ ಒಂದು ಎರಡು ಅಂತ ಎಣಸಾಕ ಕೂಡತಾರ, ಬರದಿದ್ರೂ ನಗತಾರ. ನಾ ಎದುರು ಕೂತ್ರ ಆಗತದ." ಸೊಪ್ಪಿನ ದಂಟನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಮುರಿದಳು. "ಮನಶ್ಯಾ ಒಳಗ ಇದ್ದಾರ, ನನಗ ಗೊತ್ತದ. ನನ್ನ ಜೋಡಿ ಹೊರಗ ಬರಾಕ ಒಲ್ಲೆ ಅಂತಾರ. ಅಷ್ಟ."

ಥೆರಪಿಸ್ಟ್ ಮನೆಗೆ ಬರುವುದು ಇನ್ನು ಕೆಲವೇ ವಾರ ಎಂದು ಗೊತ್ತಿತ್ತು. ಆಮೇಲೆ ಮನೆಯವರು ಏನು ನಡೆಸಿಕೊಂಡು ಹೋಗುತ್ತಾರೋ ಅದೇ ಉಳಿಯುವುದು ಎಂದು ಆಕೆ ಸ್ಪಷ್ಟವಾಗಿಯೇ ಹೇಳಿದ್ದರು. ಹಾಡು ಅವರಿಗೆ ಸಂಕಟ ಕೊಡುತ್ತಿದ್ದರೆ ಬಿಟ್ಟುಬಿಡಿ ಎಂದೂ ಹೇಳಿದ್ದರು. ಭಾವನ ಬಾಯಿಂದ 'ನಾಳೆ' ಬಿಟ್ಟು ಬೇರೆ ದನಿ ಹೊರಡುತ್ತಿದ್ದುದು ಆ ಹಾಡಿನಲ್ಲಿ ಮಾತ್ರ. ಅಕ್ಕ ಅದನ್ನು ಬಿಟ್ಟರೆ ಇನ್ನೇನೂ ಇರಲಿಲ್ಲ. ಅವಳಿಗೂ ಇದು ಗೊತ್ತಿತ್ತು. ಆದರೆ ದಿನವೂ ಸಂಜೆ ಎದುರು ಕೂತು, ತನ್ನ ಬಾಯಿಯ ಮೇಲೆ ಆ ಕೈಯನ್ನು ತಂದುಕೊಳ್ಳುವುದು ಅವಳಿಂದ ಇನ್ನು ಆಗುವ ಹಾಗಿರಲಿಲ್ಲ.

ಅದಾಗಿ ಒಂದೆರಡು ವಾರಕ್ಕೆ ವೆಂಬ್ಲಿಯ ಗೆಳೆಯ ಬಂದರು. ಆಸ್ಪತ್ರೆಯಲ್ಲಿದ್ದಾಗ ಒಮ್ಮೆ ಬಂದು ಬಾಗಿಲಿಂದಲೇ ನೋಡಿ ಹೋದವರು, ಆಮೇಲೆ ಫೋನಿನಲ್ಲಷ್ಟೇ ವಿಚಾರಿಸುತ್ತಿದ್ದರು. ಟ್ಯೂಬ್ ರೈಲಿನ ಲೈನು ಬದಲಿಸಿ, ವಿಕ್ಟೋರಿಯಾದಲ್ಲಿ ರೈಲು ಹಿಡಿದು ಬಂದಿದ್ದರು. ಕೈಯಲ್ಲಿ ಈಲಿಂಗ್ ರೋಡಿನ ಅಂಗಡಿಯಿಂದ ತಂದ ಹಸಿ ಕಡಲೆಯ ಚೀಲ.

"ಬರಬೇಕಾಗಿತ್ತು ವೈನಿ, ಅವನನ್ನ ಹಂಗ ನೋಡಾಕ ಧೈರ್ಯ ಆಗಲಿಲ್ಲ," ಅಂದರು ಬಾಗಿಲಲ್ಲೇ. ನಮ್ಮ ಕಡೆ ಗೆಳೆಯನ ಹೆಂಡತಿಗೂ ವೈನಿಯೇ, ಅಣ್ಣನ ಹೆಂಡತಿಗೆ ಅನ್ನುವ ಹಾಗೆ.

"ಈಗ ಬಂದ್ರೆಲ್ಲ. ಒಳಗ ಬರ್ರಿ," ಅಂದಳು ಅಕ್ಕ.

ಭಾವನನ್ನು ಕಂಡದ್ದೇ ಅವರು ದನಿ ಬದಲಿಸಿಬಿಟ್ಟರು. "ಏನಪಾ ದೋಸ್ತ, ಕೈ ಸೋತ್ರ ಏನಾತು, ಮಾರಿ ಮ್ಯಾಲಿನ ಸೊಕ್ಕು ಹಂಗ ಅದ ನೋಡು."

"ನಾಳೆ," ಅಂದರು ಭಾವ, ನಗುತ್ತಾ.

"ನಾಳೆ ಯಾಕೋ? ಇವತ್ತ ಬಂದೀನಲ್ಲ."

ಭಾವ ಇನ್ನಷ್ಟು ನಕ್ಕರು. ಅವರ ಮುಂದೆ ಹೀಗೆ ಚೇಷ್ಟೆ ಮಾಡುವವರನ್ನು ನಾವು ಯಾರೂ ಕರೆದುಕೊಂಡು ಬಂದಿರಲಿಲ್ಲ. ನಾವೆಲ್ಲ ಮಕ್ಕಳ ಜೊತೆ ಮಾತಾಡುವ ಹಾಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದೆವು.

ಪೇಪರ್ ಹಾಸಿ ಇಬ್ಬರೂ ಕಡಲೆ ಬಿಡಿಸಲು ಕೂತರು. ಭಾವ ಎಡಗೈಯ ಹೆಬ್ಬೆರಳಿಂದ ಸಿಪ್ಪೆ ಒಡೆಯುವುದನ್ನು ಗೆಳೆಯ ನೋಡಿಯೂ ನೋಡದ ಹಾಗೆ ಇದ್ದರು. ಮಾತು ಕಾಲೇಜಿಗೆ ಹೋಯಿತು. ಅಕ್ಕ ಬರಿ ಸೌಜನ್ಯಕ್ಕೆ ಕೇಳಿದಳು ಎಂದು ಕಾಣುತ್ತದೆ, "ಆ ಹಾಡು ನಿಮಗಿನ್ನೂ ನೆನಪದ ಏನ್ರಿ? ಇವ್ರಿಗೆ ಇವ್ರ ಪಾಲು ಬರವಲ್ದು. ಗಂಡಸಿನ ನುಡಿ ಎತ್ತಿಕೊಟ್ರ ಸುಮ್ಮನ ಕೂಡತಾರ."

ಗೆಳೆಯನ ಕೈ ನಿಂತಿತು. "ಗಂಡಸಿನ ನುಡಿ ಇವಂಗ ಯಾಕ ಬರಬೇಕ್ರಿ ವೈನಿ? ಅದು ನಂದು."

"ನಿಮ್ಮದು?"

"ಹೌದ್ರಿ. ಇವ ನಮ್ಮ ಹೀರೋಯಿನ್."

ಭಾವ ಬಾಯಿ ತೆರೆದು, ಶಬ್ದವಿಲ್ಲದೆ, ಮೈಯೆಲ್ಲ ಕುಲುಕಿಸಿ ನಗತೊಡಗಿದರು. ಎಡಗೈಯಿಂದ ತೊಡೆಯನ್ನು ಪಟಪಟ ಬಡಿದರು.

ವಿಷಯ ಇಷ್ಟೇ. ಅದು ಗಂಡುಹುಡುಗರ ಹಾಸ್ಟೆಲ್. ಕಾಲೇಜಿನಲ್ಲಿದ್ದ ಬೆರಳೆಣಿಕೆಯ ಹುಡುಗಿಯರು ಹುಡುಗರ ಜೊತೆ ಸ್ಟೇಜ್ ಹತ್ತಿ ಪ್ರೇಮದ ಹಾಡು ಹಾಡುವ ಕಾಲವಲ್ಲ. ಡ್ಯುಯೆಟ್ ಹಾಡಬೇಕೆಂದರೆ ಇಬ್ಬರು ಹುಡುಗರಲ್ಲಿ ಒಬ್ಬ ಹೆಣ್ಣಿನ ಪಾಲು ಹಾಡಬೇಕು. ಎಲ್ಲ ಹಾಸ್ಟೆಲ್‌ಗಳಲ್ಲೂ ಹಾಗೇ ನಡೆಯುತ್ತಿತ್ತು. ನಮಗೆ ಇದು ಗೊತ್ತಿರದ ಸಂಗತಿಯೇನಲ್ಲ. ಆದರೂ ಭಾವನನ್ನು ಆ ಜಾಗದಲ್ಲಿ ಇಟ್ಟು ನೋಡಿರಲಿಲ್ಲ.

"ನಂಗ ನೆಟ್ಟಗ ಒಂದ ದಾರಿ ಗೊತ್ತು," ಗೆಳೆಯ ಹೇಳಿದರು. "ಮಗ್ಗಲದವ ಬ್ಯಾರೆ ಸ್ವರ ಹಿಡದ್ರ ನಾ ಅವನ ಬೆನ್ನ ಹತ್ತಿ ಹೋಗಿಬಿಡ್ತಿದ್ದೆ. ಇವಂಗ ಕಿವಿ ಅದ. ಕ್ಯಾಸೆಟ್ ತಿರುವಿ ತಿರುವಿ ಹಾಕಿ ಆ ಹೆಣ್ಣಮಗಳ ದನಿ ಒಂದ ಬಿಡಿಸಿ ತಗದ. ಟೇಪ್ ಸವದು ಹೋತು. ಆಮ್ಯಾಲೆ ಹುಡುಗರು ಇವನನ್ನ ಬಿಡಲಿಲ್ಲ ನೋಡ್ರಿ. ಒಬ್ಬವ ಬರ್ತಡೇಕ್ಕ ಬಳಿ ತಂದುಕೊಟ್ಟಿದ್ದ."

"ಇವರು ನನಗ ಹೇಳೇ ಇಲ್ಲ," ಅಂದಳು ಅಕ್ಕ.

"ಹ್ಯಾಂಗ ಹೇಳ್ತಾನ್ರಿ? ನೀವು ಕ್ಲಾಸಿಕಲ್ ಕಲತವ್ರು. ಕನ್ಯಾ ನೋಡಾಕ ಬಂದಾಗ ನಿಮ್ಮ ಹಾಡು ಕೇಳಿ ಬಂದು ಎರಡು ದಿನ ಮಾತಾಡಿದ್ದಿಲ್ಲ ಇವ."

ನಾನು ನಡುವೆ ಬಾಯಿ ಹಾಕಿದೆ. ಮದುವೆಯಲ್ಲಿ ಭಾವನೇ ಗಂಡಸಿನ ನುಡಿ ಹಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ ಎಂದೆ. ಗೆಳೆಯ ನನ್ನನ್ನು ಕನಿಕರದಿಂದ ನೋಡಿದರು.

"ನಿಮ್ಮ ಅಕ್ಕನ ಮದುವ್ಯಾಗ ನಾವು ಹಾಡೇ ಇಲ್ಲವಾ ತಂಗಿ. ಸ್ಟೇಜ್ ಹತ್ತೂದ್ರಾಗ ಲೈಟು ಹೋತು, ಜನರೇಟರ್ ಚಾಲೂ ಆಗಲಿಲ್ಲ. ಎಲ್ಲಾರೂ ಊಟಕ್ಕ ಎದ್ರು."

ಬೂದು ಸೂಟು, ಸೀಟಿ, ಜರಿಯ ಲಂಗ, ಎಲ್ಲವೂ ನನ್ನ ತಲೆಯಲ್ಲಿ ಇವತ್ತಿಗೂ ಹಾಗೇ ಇವೆ. ಲಂಗವಾದರೂ ನಿಜವಿರಬಹುದು.

"ಹಾಡೋಣೇನೋ?" ಗೆಳೆಯ ಭಾವನನ್ನು ಕೇಳಿದರು. ಉತ್ತರಕ್ಕೆ ಕಾಯದೆ ಎದ್ದು, ಭಾವನ ಕುರ್ಚಿಯನ್ನು ಸ್ವಲ್ಪ ತಿರುಗಿಸಿ, ತಮ್ಮ ಸ್ಟೂಲನ್ನು ಅದಕ್ಕೆ ಬೆನ್ನು ಹಚ್ಚಿ ಇಟ್ಟು ಕೂತರು. ಹಾಸ್ಟೆಲ್‌ನಲ್ಲಿ ಆ ಸುಳ್ಳು ಕಥೆಯನ್ನು ನಂಬಿ ಅವರು ಹಾಗೇ, ಬೆನ್ನಿಗೆ ಬೆನ್ನು ಕೊಟ್ಟೇ ಹಾಡುತ್ತಿದ್ದರಂತೆ. ಅಕ್ಕ ಫೋನ್ ತೆಗೆದು ತಂಬೂರಿ ಹಚ್ಚಲು ಹೋದವಳು ಸುಮ್ಮನಾದಳು.

ಮುಂದಿನದನ್ನು ನಾನು ಎದುರಿಗೆ ಕೂತು ನೋಡಿದ ಹಾಗೆ ನೆನಪಿದೆ. ಆದರೆ ಅಂದಿನ ದಿನಚರಿಯಲ್ಲಿ, ಹಾಡು ಶುರುವಾದಾಗ ನಾನು ಚಹಾ ಸೋಸುತ್ತಿದ್ದೆ, ಪಲ್ಲವಿಯ ಹೊತ್ತಿಗೆ ಬಾಗಿಲಿಗೆ ಬಂದೆ ಎಂದಿದೆ. ಮದುವೆಯ ವಿಷಯದಲ್ಲಿ ಏನಾಯಿತೆಂದು ನೋಡಿದ ಮೇಲೆ ದಿನಚರಿಯನ್ನೇ ನಂಬುತ್ತೇನೆ. ಮೊದಲ ಭಾಗ ಅಕ್ಕ ಹೇಳಿದ್ದೇ ಇರಬೇಕು.

ಗೆಳೆಯ ಮೊದಲ ನುಡಿ ಹಾಡಿದರು. ದನಿ ಒಡೆದಿತ್ತು, ಅರ್ಧ ಪದ ಮರೆತಿದ್ದರು. ಭಾವ ಸುಮ್ಮನೆ ಕೂತಿದ್ದರು, ನಾವು ಅಷ್ಟು ದಿನ ನೋಡಿದ ಹಾಗೆಯೇ. ತೊಡೆಯ ಮೇಲೆ ಎಡಗೈಯ ಒಂದು ಬೆರಳು ಮಾತ್ರ ತಾಳ ಹಾಕುತ್ತಿತ್ತು. ಆ ಬೆರಳು ಅಕ್ಕ ಎತ್ತಿಕೊಟ್ಟು ಕಾಯುತ್ತಿದ್ದಾಗಲೂ ಹಾಗೇ ಆಡುತ್ತಿತ್ತೇ, ನಾವು ಬಾಯಿಯನ್ನೇ ನೋಡುತ್ತಾ ಅದನ್ನು ಕಾಣಲಿಲ್ಲವೇ? ಅಕ್ಕ ಹಾಗನ್ನುತ್ತಾಳೆ. ಮೊದಲ ನುಡಿ ಮುಗಿಯಿತು. ಭಾವ ಉಸಿರು ತೆಗೆದುಕೊಂಡು, ಯಾರೂ ಎತ್ತಿಕೊಡದೆ, ಎರಡನೆಯ ನುಡಿ ಶುರು ಮಾಡಿದರು. ಪದಗಳ ಅಂಚು ಸವೆದಿತ್ತು, ಆದರೆ ಪದಗಳು. ಇಂಗ್ಲಿಷ್ ಪದಗಳು, ಒಂದಾದ ಮೇಲೊಂದು, ಸಾಲಾಗಿ.

ಪಲ್ಲವಿ ಬಂದಾಗ ನಾನು ಬಾಗಿಲಲ್ಲಿದ್ದೆ. ಇದನ್ನು ನಾನೇ ಕೇಳಿದ್ದು. ಗೆಳೆಯ ಮೂಲ ಧಾಟಿಯಲ್ಲಿ ನೆಟ್ಟಗೆ ಹೊರಟರು. ಭಾವನ ದನಿ ಅದರ ಕೆಳಗೆ, ನಾವು ವಾರಗಟ್ಟಲೆ ಕೇಳಿ ಅಪಸ್ವರವೆಂದು ಮುಖ ಸಿಂಡರಿಸಿದ್ದ ಅವೇ ಸ್ವರಗಳನ್ನು ಹಿಡಿದು ಹೋಯಿತು. ಎರಡೂ ಕೂಡಿದಾಗ ಒಂದೇ ಹಾಡಾಯಿತು. ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ಹಾಡಿದ ಆ ಗಾಯಕಿಯ ಕಥೆ ನಿಜವೋ ಸುಳ್ಳೋ, ಭಾವ ಅಷ್ಟು ದಿನ ಮಾಡಿದ್ದು ಅದನ್ನೇ. ಅವರ ತಲೆಯೊಳಗೆ ಮೊದಲ ದನಿ ಹಾಡುತ್ತಲೇ ಇತ್ತು. ನಮಗೆ ಕೇಳಿಸುತ್ತಿದ್ದುದು ಅವರ ಪಾಲು ಮಾತ್ರ.

ಹಾಡು ಮುಗಿದಾಗ ಅಕ್ಕ ಹೋಗಿ ಭಾವನ ಮುಂದೆ ನೆಲದ ಮೇಲೆ ಕೂತಳು. ಕಡಲೆ ಸಿಪ್ಪೆ ಸೀರೆಗೆ ಅಂಟಿಕೊಳ್ಳುತ್ತಿತ್ತು.

"ನನ್ನ ಬಾಯಿ ಮ್ಯಾಲೆ ಕೈ ಇಡ್ತಿದ್ರೆಲ್ಲ," ಅಂದಳು. "ನನ್ನ ಸಾಲು ನನಗ ಬಿಡು ಅಂತನೋ?"

ಭಾವ ಜೋರಾಗಿ ತಲೆಯಾಡಿಸಿದರು, ಹೌದು ಹೌದು ಎಂದು. "ನಾಳೆ," ಅಂದರು, "ನಾಳೆ, ನಾಳೆ."

"ಹಾಡು ಬ್ಯಾಡ ಅಂತ ಅಲ್ಲ?"

ಅವರು ಎಡಗೈ ಚಾಚಿ ಅವಳ ತಲೆಯ ಮೇಲೆ ಇಟ್ಟರು. ಗೆಳೆಯ ಎದ್ದು ಕಿಟಕಿಯ ಹತ್ತಿರ ಹೋಗಿ, ಹೊರಗೆ ಏನೂ ಇಲ್ಲದಿದ್ದರೂ, ಬಹಳ ಹೊತ್ತು ನೋಡುತ್ತಾ ನಿಂತರು.

ಅವತ್ತಿನಿಂದ ಅಕ್ಕ ಗಂಡಸಿನ ಪಾಲು ಕಲಿಯತೊಡಗಿದಳು. ಮೊದಲ ನುಡಿ ಸುಲಭವಾಗಿ ಬಂತು. ಕಷ್ಟವಾದದ್ದು ಪಲ್ಲವಿ. ಭಾವ ತಮ್ಮ ದಾರಿಯಲ್ಲಿ ಹೋಗುವಾಗ ತಾನು ಮೂಲ ಧಾಟಿಯಲ್ಲೇ ಉಳಿಯಬೇಕು. ಅವಳಿಗೆ ಅದು ಆಗುತ್ತಿರಲಿಲ್ಲ. ಪಕ್ಕದಲ್ಲಿ ಬೇರೆ ಸ್ವರ ಕೇಳಿದರೆ ಅದಕ್ಕೆ ಹೋಗಿ ಸೇರಿಕೊಳ್ಳುವುದನ್ನೇ ಚಿಕ್ಕಂದಿನಿಂದ ಕಲಿತವಳು. ಸೇರುವುದೇ ಸಂಗೀತ ಎಂದುಕೊಂಡವಳು. ಎರಡು ಸಾಲು ಹಾಡುವಷ್ಟರಲ್ಲಿ ಅವಳ ದನಿ ಜಾರಿ ಭಾವನ ಸ್ವರಕ್ಕೆ ಬಂದು ನಿಲ್ಲುತ್ತಿತ್ತು. ಭಾವ ಹಾಡು ನಿಲ್ಲಿಸಿ, ತಲೆ ಅಲ್ಲಾಡಿಸಿ, ಬೆರಳೆತ್ತಿ ಮೇಲೆ ತೋರಿಸುತ್ತಿದ್ದರು. ಈಗ ಮೇಷ್ಟ್ರು ಅವರು. ಮಗಳು ಸೋಫಾದಲ್ಲಿ ಕೂತು ಇದನ್ನು ನೋಡುತ್ತಾ, "ಅಮ್ಮಾ, ಹೀ ಈಸ್ ರೈಟ್, ಯು ಆರ್ ಡ್ರಿಫ್ಟಿಂಗ್," ಎನ್ನುತ್ತಿದ್ದಳು. "ನೀನೂ ಶುರು ಮಾಡಿದಿ ಏನು?" ಎನ್ನುತ್ತಿದ್ದಳು ಅಕ್ಕ.

ಥೆರಪಿಸ್ಟ್ ತಮ್ಮ ಕೊನೆಯ ಭೇಟಿಗಳಲ್ಲಿ ಒಂದರಲ್ಲಿ ಇದನ್ನು ಕೂತು ಕೇಳಿದರು. ಬಹಳ ಸಂತೋಷಪಟ್ಟರು. ಆದರೂ ಎಚ್ಚರದ ಮಾತು ಹೇಳಲು ಮರೆಯಲಿಲ್ಲ. ಹಾಡಿನೊಳಗೆ ಬಂದ ಪದ ಹಾಡಿನ ಹೊರಗೆ ಬರುತ್ತದೆಂದು ಭರವಸೆ ಇಟ್ಟುಕೊಳ್ಳಬೇಡಿ, ಬರಬಹುದು, ಬರದೆಯೂ ಇರಬಹುದು. ಹಾಡಿ ಅಷ್ಟೇ. ಅಕ್ಕ ಸರಿ ಎಂದಳು. ಅವಳಿಗೆ ಬೇಕಾಗಿದ್ದದ್ದು ಸಿಕ್ಕಿತ್ತು ಎಂದು ನಾನು ತಿಳಿದಿದ್ದೆ. ಅವರು ತನ್ನ ಜೊತೆ ಹಾಡಲು ಒಲ್ಲೆ ಅನ್ನುತ್ತಿಲ್ಲ ಎನ್ನುವುದು ಗೊತ್ತಾಗಿತ್ತು.

ಮೊನ್ನೆ ನಾನು ಕ್ರೋಯ್ಡನ್‌ನಲ್ಲಿ ಟ್ರಾಮ್ ಹತ್ತುತ್ತಿ‌ರುವಾಗ ಅಕ್ಕನ ಫೋನ್ ಬಂತು. ಅವಳು ಆ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ.

"ಏನಾತು?"

"ಇವರು ನನಗ ಬೈದ್ರು."

"ಏನು?"

"ಬೈದ್ರು ಅಂದೆ. ಪಲ್ಲವ್ಯಾಗ ಜಾರಿದೆ ನಾ. ಹಾಡು ನಿಲ್ಲಿಸಿ ಅಂದ್ರು, 'ತಪ್ಪು. ಮತ್ತ.' ಹಾಡಲಿಲ್ಲ, ಅಂದ್ರು. ಮಾತಿನ್ಯಾಗ. ತಪ್ಪು, ಮತ್ತ ಹಾಡು ಅಂತ."

ಟ್ರಾಮಿನ ಬಾಗಿಲು ಮುಚ್ಚಿಕೊಂಡಿತು. ನಾನು ಪ್ಲಾಟ್‌ಫಾರ್ಮಿನಲ್ಲೇ ನಿಂತುಬಿಟ್ಟೆ.

"ಖರೇ ಕೇಳಿಸ್ಕೊಂಡಿಯೇನು ಅಕ್ಕಾ?" ಅಂದೆ. ನನ್ನ ಹಾಳು ಅಭ್ಯಾಸ.

"ನನಗೂ ಅದ ಸಂಶಯ ಬಂತು. ಅದಕ ಮತ್ತೊಮ್ಮೆ ಹಾಡಿದೆ. ಬೇಕಂತಲೇ ತಪ್ಪು ಹಾಡಿದೆ."

ಧಾರವಾಡದಲ್ಲಿ ಗುರುಗಳ ಮುಂದೆ ಒಂದು ಸ್ವರ ತಪ್ಪಿದರೆ ರಾತ್ರಿ ಊಟ ಬಿಡುತ್ತಿದ್ದವಳು ನನ್ನ ಅಕ್ಕ.

"ಏನಂದ್ರು?"

"ಏನಂತಾರ, ಮೊದಲಿಗಿಂತ ಜೋರಲೆ ಅಂದ್ರು. 'ತಪ್ಪು.' ಸಿಟ್ಟಿಗೆದ್ದಾರ ಈಗ. ಕೂತಾರ ಅಲ್ಲಿ ಮಾರಿ ಉಬ್ಬಿಸಿಕೊಂಡು." ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಫೋನಿನಲ್ಲಿ ಹೇಳುವುದು ಕಷ್ಟ. "ಇಡ್ತೀನಿ. ಇನ್ನೊಮ್ಮೆ ತಪ್ಪು ಹಾಡಬೇಕು."